ರಸ್ತೆ ಬದಿಯಲ್ಲಿ ನಡೆದ ಹೆಣ್ಣು ನೋಡುವ ಶಾಸ್ತ್ರ

ನನ್ನನ್ನು ಮೊದಲು ಹೆಣ್ಣು ನೋಡಿದ್ದು ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ. ಒಂದು ಕಡೆ ಲಾರಿ, ಇನ್ನೊಂದು ಕಡೆ ಬಸ್ಸು, ನಡುವೆ ಉಪ್ಪಿಟ್ಟಿನ ತಟ್ಟೆ ಹಿಡಿದ ನಾನು. ಹೇಳಿದರೆ ಈಗಿನ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ನಗಲಿ. ನನಗಂತೂ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ರಾಮನಗರಕ್ಕೆ ಆ ರಸ್ತೆಯೇ ಅಂಗಳ. ಸ್ಟೇಷನ್ ಕಡೆಯವರು, ರೇಷ್ಮೆಗೂಡಿನ ಮಾರ್ಕೆಟ್ಟಿನವರು, ನೂಲು ತೆಗೆಯುವ ಮೊಹಲ್ಲಾಗಳವರು, ನೌಕರರ ಬಡಾವಣೆಯವರು, ಎಲ್ಲರೂ ಅದರ ಮೇಲೆ ಹಾದು ಹೋಗಲೇಬೇಕು. ಒಂದು ಕೇರಿಯ ಸುದ್ದಿ ಇನ್ನೊಂದು ಕೇರಿಗೆ ಹೋಗುತ್ತಿದ್ದದ್ದೂ ಅದರ ಮೇಲೆಯೇ. ಚನ್ನಪಟ್ಟಣದ ದಿಕ್ಕಿಗೆ, ಊರ ಕೊನೆಯಲ್ಲಿ ನಮ್ಮ ಮನೆ. ಹಿಂದೆ ಹಿಪ್ಪುನೇರಳೆ ತೋಟ. ಮುಂದೆ ಒಂದು ಜಗಲಿಯಿತ್ತು, ರಸ್ತೆ ಅಗಲ ಮಾಡುವಾಗ ಅದೂ ಹೋಯಿತು. ಹೊಸ್ತಿಲು ದಾಟಿದರೆ ರಸ್ತೆಯೇ.

ರೇಷ್ಮೆಗೆ ಬಂಗಾರದಂಥ ಕಾಲ ಅದು. ನಡುಮನೆ, ಕೋಣೆ ಎಲ್ಲವನ್ನೂ ಹುಳುವಿನ ತಟ್ಟೆಗಳಿಗೆ ಬಿಟ್ಟುಕೊಟ್ಟು ನಾವು ಅಡುಗೆಮನೆಯಲ್ಲಿ ಮುದುರಿಕೊಂಡು ಮಲಗುತ್ತಿದ್ದೆವು. ಹುಳು ದೊಡ್ಡದಾದ ಮೇಲೆ ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಹೊರಗಿನವರ ಕಾಲಲ್ಲಿ ರೋಗ ಬರುತ್ತದೆ, ಸೆಂಟು, ಬೀಡಿ ವಾಸನೆಗೆ ಹುಳು ಸೊಪ್ಪು ಮುಟ್ಟುವುದಿಲ್ಲ ಎನ್ನುವುದು ಅಪ್ಪನ ಪಾಲಿಗೆ ವೇದವಾಕ್ಯ. ಹಿಂದಿನ ಬೆಳೆ ಸುಣ್ಣಕಟ್ಟು ರೋಗಕ್ಕೆ ಸಿಕ್ಕಿ, ಕೈಗೆ ಬಂದದ್ದು ಬಾಯಿಗೆ ಬಾರದೆ ಹೋಗಿತ್ತು. ಸತ್ತು ಬೆಳ್ಳಗೆ ಬಿರುಸಾದ ಹುಳುಗಳನ್ನು ಅಪ್ಪ ಗುಂಡಿಗೆ ಸುರಿದಿದ್ದ.

ಹುಡುಗನ ಕಡೆಯವರು ಚನ್ನಪಟ್ಟಣದವರು, ಇದೇ ರಸ್ತೆಯ ಮೇಲೆ ಮನೆ. ಹುಡುಗ ಹೈಸ್ಕೂಲ್ ಮೇಷ್ಟ್ರು. ಗೂಡು ಮಾರಿದ ಮೇಲೆ ಬನ್ನಿ ಎಂದು ಅಪ್ಪ ಹೇಳಿ ಕಳಿಸಿದ್ದ. ಅವರು ದಿನ ಚೆನ್ನಾಗಿದೆ ಎಂದು ಮೊದಲೇ ಬಸ್ಸಿಳಿದರು, ಮಲ್ಲಿಗೆ, ಸೆಂಟು ಎಲ್ಲ ಘಮಘಮ. ಸರಿಯಾಗಿ ಆ ಬೆಳಿಗ್ಗೆಯೇ ನಮ್ಮ ಹುಳು ಹಣ್ಣಾಗಿ, ಗೂಡು ಕಟ್ಟಲು ತಲೆ ಎತ್ತಿದ್ದವು. ಅಡುಗೆಮನೆಗಾದರೂ ಕರೆದು ಕೂರಿಸೋಣ ಎಂದು ಅವ್ವ ಗೋಗರೆದಳು. ಅಡುಗೆಮನೆಗೆ ಹೋಗುವುದಕ್ಕೂ ತಟ್ಟೆಗಳನ್ನು ದಾಟಿಯೇ ಹೋಗಬೇಕಲ್ಲ. ಅಪ್ಪ ಹೊಸ್ತಿಲಿಗೆ ಅಡ್ಡ ನಿಂತು ಕೈ ಮುಗಿದ.

"ಹುಳ ಹಣ್ಣಾಗವೆ. ಒಳೀಕೆ ಬ್ಯಾಡಿ, ತಪ್ಪು ತಿಳ್ಕಬ್ಯಾಡಿ. ಒಸಿ ಇಲ್ಲೇ ಕೂತ್ಕಳಿ."

ರಸ್ತೆ ಬದಿಯ ಹುಣಸೆಮರದ ಕೆಳಗೆ, ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಒಣಗಲು ನಿಲ್ಲಿಸಿದ್ದ ಕಡೆ ಚಾಪೆ ಬಿದ್ದಿತು. ನಾನು ಸೀರೆ ಉಟ್ಟು ತಲೆ ತಗ್ಗಿಸಿ ಬಂದೆ. ಬಸ್ಸಿನ ಕಿಟಕಿಗಳಿಂದ ಕತ್ತುಗಳು ಹೊರಬಂದವು. ಗೂಡಿನ ಮೂಟೆ ಹೊತ್ತು ಹೋಗುತ್ತಿದ್ದವರು ನಿಂತು ನೋಡಿದರು, ಲಾರಿಯಿಂದ ಯಾರೋ ಶಿಳ್ಳೆ ಹಾಕಿದರು. ಉಪ್ಪಿಟ್ಟಿನ ಮೇಲೆ ಧೂಳು ಕೂತಿತು. ಹುಡುಗನ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನನ್ನ ಓದು ವಿಚಾರಿಸಿದರು. ಹುಡುಗ ಪಾಪ, ತಲೆಯೇ ಎತ್ತಲಿಲ್ಲ. ತಟ್ಟೆ ಮುಟ್ಟದೆ ಎದ್ದು ಮುಂದಿನ ಬಸ್ಸು ಹತ್ತಿದರು.

ಊರ ಬಾಯಿಗೆ ಬೀಗ ಹಾಕಲಾದೀತೆ? ಹೊಲಿಗೆ ಕ್ಲಾಸಿಗೆ ಹೋದರೆ ಹುಡುಗಿಯರು ಕಿಸಕ್ಕೆನ್ನುತ್ತಿದ್ದರು. ಚನ್ನಪಟ್ಟಣದಿಂದ ಉತ್ತರವಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಅಪ್ಪ ಊಟಕ್ಕೆ ಕೂತಿದ್ದಾಗ ಅಂದೇಬಿಟ್ಟೆ: "ನಿಂಗೆ ನನ್ಗಿಂತ ಹುಳಾನೇ ಹೆಚ್ಚಾಯ್ತಲ್ಲಪ್ಪ."

ಅಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ತೊಳೆದು ಎದ್ದ. ಬೆಳೆ ಚೆನ್ನಾಗಿಯೇ ಆಯಿತು. ಗೂಡು ಮಾರಿದ ಮೇಲೆ ಒಂದು ದಿನ ಅವನು ಬಿಳಿ ಪಂಚೆ ಉಟ್ಟು, ಅಕ್ಕೂರಿನ ನೆಂಟರ ಮನೆಗೆ ಹೋಗಿ ಬರುವುದಾಗಿ ಹೇಳಿ ಹೊರಟ. ಅವತ್ತೇ ನಾನು ಹೊಲಿಗೆಗೆ ಬಣ್ಣದ ದಾರ ತರಲು ಚನ್ನಪಟ್ಟಣದ ಬಸ್ಸು ಹತ್ತಿದೆ.

ಚನ್ನಪಟ್ಟಣ ಹೊಕ್ಕ ಮೇಲೆ ಎದುರಿಗೆ ಎತ್ತಿನ ಗಾಡಿ ಅಡ್ಡ ಬಂದು ಬಸ್ಸು ನಿಂತಿತು. ಕಿಟಕಿಯ ಆಚೆ ಒಂದು ಮನೆಯ ಗೇಟು. ಒಳಗೆ ಜಗಲಿಯ ಕುರ್ಚಿಯಲ್ಲಿ ಹುಡುಗನ ತಾಯಿ, ಕಂಬಕ್ಕೊರಗಿ ಆ ಮೇಷ್ಟ್ರು. ಗೇಟಿನ ಹೊರಗೆ, ಚರಂಡಿ ಕಲ್ಲಿನ ಮೇಲೆ ನಮ್ಮಪ್ಪ ಕೂತಿದ್ದ. ಟವೆಲನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಜೋಡಿಸಿ, ಒಳಗಿದ್ದವರಿಗೆ ಏನೋ ಹೇಳುತ್ತಲೇ ಇದ್ದ. ಆ ಹೆಂಗಸು ಬೇರೆ ಕಡೆ ನೋಡುತ್ತಿದ್ದರು. ನಮ್ಮ ಬಸ್ಸಿನವರೆಲ್ಲ ಅವನನ್ನೇ ನೋಡುತ್ತಿದ್ದರು. ನನ್ನ ಹಿಂದಿನ ಸೀಟಿನವನು, ಪಾಪ, ಏನೋ ಬೇಡೋಕೆ ಬಂದವ್ನೆ ಎಂದ. ಅಪ್ಪನನ್ನು ಹಾಗೆ ಕಳಿಸಿದವಳು ನಾನೇ ಎನಿಸಿ ಮೈಯೆಲ್ಲ ಕುಗ್ಗಿಹೋಯಿತು. ಎದ್ದು ನಿಲ್ಲುವಷ್ಟರಲ್ಲಿ ಬಸ್ಸು ಹೊರಟಿತು.

ಸಂಜೆ ಅಪ್ಪ ನನ್ನನ್ನು ಕರೆದು ಕೂರಿಸಿಕೊಂಡ. ಅಕ್ಕೂರಿಗಲ್ಲ, ಚನ್ನಪಟ್ಟಣಕ್ಕೇ ಹೋಗಿದ್ದೆ ಎಂದ.

"ಒಳೀಕೆ ಕರ್ದು, ಕುರ್ಚಿ ಹಾಕಿ, ಕಾಪಿ ಕೊಟ್ರು ಕಣವ್ವ. ಒಳ್ಳೆ ಜನ. ಅವತ್ತಿಂದು ಏನೂ ಮನ್ಸಲ್ಲಿ ಇಟ್ಕಂಡಿಲ್ಲ. ಜಾತ್ಕ ಕೂಡ್ನಿಲ್ವಂತೆ, ಅಷ್ಟೇಯ."

ಅವನ ಬಿಳಿ ಪಂಚೆಯ ಹಿಂಭಾಗಕ್ಕೆ ಚರಂಡಿ ಕಲ್ಲಿನ ಪಾಚಿ ಹತ್ತಿತ್ತು.

"ಕಾಪಿ ಚೆನ್ನಾಗಿತ್ತೇನಪ್ಪ?" ಎಂದು ಕೇಳಿದೆ.