ಒಂದೇ ಕಾಯಿಲೆಗೆ ಎರಡು ಮಾತು

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಅಂಗಡಿಯವನು ತೂಗಿ ಕೊಟ್ಟ ಬೇಳೆಯನ್ನು ಮನೆಗೆ ತಂದು ಮತ್ತೊಮ್ಮೆ ತೂಗುವವನು ನಾನು. ಹಾಗಿರುವಾಗ ಮುಂಡಗೋಡದ ಡಾಕ್ಟರು ಒಂದೇ ಮೇಜಿನ ಮುಂದೆ ಕೂತ ಇಬ್ಬರಿಗೆ ಎರಡು ಬಗೆಯ ಮಾತು ಹೇಳಿದರೆ ಹೇಗೆ ನಂಬಲಿ? ನನಗೂ ಸಕ್ಕರೆ ಕಾಯಿಲೆ, ನನ್ನ ಹನ್ನೊಂದು ವರ್ಷದ ಮೊಮ್ಮಗಳಿಗೂ ಸಕ್ಕರೆ ಕಾಯಿಲೆ. ನನಗೆ ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ನಡೆಯಿರಿ ಎಂದರು. ಅವಳು ಮಾತ್ರ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಕಿಸೆಯಲ್ಲಿ ಯಾವಾಗಲೂ ಸಕ್ಕರೆ ಇಟ್ಟುಕೊಂಡಿರಬೇಕು!

"ಯಜಮಾನ್ರ, ನಿಮ್ಮ ಮೈಯಾಗ ಇನ್ಸುಲಿನ್ ಐತಿ, ಅದು ಸರಿಯಾಗಿ ಕೆಲಸ ಮಾಡವಲ್ದು. ಈಕಿ ಮೈಯಾಗ ಅದು ಹುಟ್ಟೂದ ನಿಂತೈತಿ. ನಿಮ್ಮ ಪಥ್ಯ ಈಕಿಗೆ ಹಚ್ಚಬ್ಯಾಡ್ರಿ" ಎಂದರು ಡಾಕ್ಟರು.

ನಾನು ತಲೆಯಾಡಿಸಿದೆ. ಇವರಿಗೂ ಸೂಜಿ ಮಾರುವ ಅಂಗಡಿಗೂ ಏನೋ ಒಳಒಪ್ಪಂದ ಇರಬೇಕು ಎಂದು ಮನಸ್ಸು ಹೇಳುತ್ತಿತ್ತು. ನನ್ನ ಸಕ್ಕರೆ ಇಳಿದದ್ದು ಹೊಟ್ಟೆ ಬಾಯಿ ಕಟ್ಟಿದ್ದರಿಂದ. ಅವಳದ್ದು ಯಾಕೆ ಇಳಿಯಬಾರದು?

ಸೊಸೆ ಅಂಗನವಾಡಿಯಲ್ಲಿ ಶಿಕ್ಷಕಿ. ಒಂದು ಶ್ರಾವಣ ಸೋಮವಾರ ಬೆಳಗ್ಗೆ ಮಗಳಿಗೆ ಇನ್ಸುಲಿನ್ ಕೊಟ್ಟು, ರೊಟ್ಟಿ ಬಡಿಸಿ, "ಮಾವಾರ, ಅಕಿ ಈಗ ಉಣ್ಣಬೇಕ್ರಿ" ಎಂದು ಹೇಳಿ ಕೆಲಸಕ್ಕೆ ಹೋದಳು. ಆ ದಿನ ನಮ್ಮ ಮನೆಯಲ್ಲಿ ಲಿಂಗಪೂಜೆ ಆಗುವವರೆಗೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ನಾನು ತಾಟಿಗೆ ಮುಚ್ಚಳ ಹಾಕಿದೆ.

"ಪೂಜಾ ಮುಗೀಲಿ, ಇಬ್ಬರೂ ಕೂಡೇ ಉಣ್ಣೂಣು. ಸ್ವಲ್ಪ ಹಸಿವಿ ತಡದ್ರ ಸಕ್ಕರಿ ತಾನ ಇಳೀತೈತಿ."

ಪಾಪ, ಹುಡುಗಿ ಪಕ್ಕದಲ್ಲಿ ಬಂದು ಕೂತಳು. ಸಕ್ಕರೆ ಎಲ್ಲಿಯವರೆಗೆ ಇಳಿದೀತು ಎಂದು ನಾನು ಯೋಚಿಸಲೇ ಇಲ್ಲ.

ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ್ದೆ. ಬಹಳ ಹೊತ್ತಿನ ಮೇಲೆ ಕಾಗದದ ಸಪ್ಪಳವಾಯಿತು. ನೋಡಿದರೆ ಹುಡುಗಿ ಕಿಸೆಯಿಂದ ಸಕ್ಕರೆಯ ಪೊಟ್ಟಣ ತೆಗೆದಿದ್ದಾಳೆ. ಸಿಕ್ಕಿಬಿದ್ದಳು ಕಳ್ಳಿ! ಅಜ್ಜನ ಕಣ್ಣು ಮುಚ್ಚಿದರೆ ಇವಳ ಬಾಯಿ ತೆರೆಯುತ್ತದೆ. ಪೊಟ್ಟಣ ಕಸಿದು ಕಿಟಕಿಯಾಚೆ ಎಸೆದೆ.

"ಅಜ್ಜಾ, ಕೈ ನಡಗಾಕತ್ತಾವ..."

"ನಾಟಕ ಮಾಡಬ್ಯಾಡ."

ಅವಳ ಮಾತು ತೊದಲತೊಡಗಿತು. ಆ ಮಳೆಗಾಲದ ಥಂಡಿಯಲ್ಲಿ ಹಣೆಯ ತುಂಬ ಬೆವರು. ಬೆವರನ್ನು ನಾಟಕ ಮಾಡಿ ತರಿಸಲಿಕ್ಕಾಗುತ್ತದೆಯೇ? ಲಿಂಗವನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ. ನೈವೇದ್ಯಕ್ಕಿಟ್ಟಿದ್ದ, ಇನ್ನೂ ಅರ್ಪಿಸದ ಸಕ್ಕರೆಯನ್ನು ನೀರಿಗೆ ಸುರಿದು ಅವಳ ಬಾಯಿಗೆ ಹಿಡಿದೆ. ಪುಣ್ಯಕ್ಕೆ ಎಚ್ಚರವಿತ್ತು, ಗುಟುಕು ಗುಟುಕಾಗಿ ನುಂಗಿದಳು. ಕಾಲು ಗಂಟೆಗೆ ತೊದಲದೆ ಮಾತಾಡಿದಳು, ಆಮೇಲೆ ರೊಟ್ಟಿ ಉಂಡಳು.

ಸಂಜೆ ಸೊಸೆಗೆ ನಾನೇ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮೂವರೂ ಡಾಕ್ಟರ ಹತ್ತಿರ ಹೋದೆವು. ಮೊಮ್ಮಗಳು ನನ್ನ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಡಾಕ್ಟರು ಅವಳನ್ನೇ ಕೇಳಿದರು: "ಸಕ್ಕರಿ ಇಳದ್ರ ಏನ ಮಾಡಬೇಕಂತ ಮನ್ಯಾಗ ಯಾರ್ಯಾರಿಗೆ ಗೊತ್ತೈತವಾ?"

ಅವಳು ನನ್ನ ಮುಖ ನೋಡಿದಳು. ಕೈ ಬಿಡದೆಯೇ ಹೇಳಿದಳು, "ಅವ್ವಗ ಅಷ್ಟ ಗೊತ್ತೈತ್ರೀ."