ಸೊಂಡಿಲು

ಮದರಾಸಿನ ವಡಪಳನಿಯ ಸ್ಟುಡಿಯೊದಲ್ಲಿ ಗುಂಪಿನ ದೃಶ್ಯಕ್ಕೆಂದು ಬೆಳಿಗ್ಗೆಯೇ ಬಣ್ಣ ಹಚ್ಚಿಕೊಂಡರೆ ಸಂಜೆಯವರೆಗೂ ಕಾಯುವುದೇ ನಮ್ಮ ಕೆಲಸ. ನಾವೆಲ್ಲ ಆಕಳಿಸುತ್ತಿದ್ದರೆ, ನನ್ನ ಜೊತೆ ಬರುತ್ತಿದ್ದ ಪಕ್ಕದ ಮನೆಯ ಅಕ್ಕ ಮಾತ್ರ “ಕೊಂಚ ನೋಡ್ಕೊಂಡು ಬರ್ತೀನಿ” ಎಂದು ಏಳುತ್ತಿದ್ದರು. ದರ್ಜಿಯಿಂದ ಜರಿ ಹೊಲಿಯುವುದನ್ನು, ಬಡಗಿಯಿಂದ ಮರದ ಕತ್ತಿ ಕೆತ್ತುವುದನ್ನು ಕಲಿತದ್ದು ಹಾಗೆಯೇ.

ಒಂದು ದಿನ ಕೊನೆಗೂ ಅಕ್ಕನಿಗೆ ಕ್ಯಾಮೆರಾ ಮುಂದೆ ಹೇಳಲೊಂದು ಮಾತು ಸಿಕ್ಕಿತು. ಕರೆಯಲು ಓಡಿದರೆ, ಅಕ್ಕ ದಾಸಿಯ ವೇಷದಲ್ಲೇ ಅರಮನೆ ಸೆಟ್ಟಿನ ಕಂಬಕ್ಕೆ ಪ್ಲಾಸ್ಟರಿನ ಆನೆ ಮೆತ್ತುತ್ತಿದ್ದರು.

“ಅಕ್ಕಾ, ಡೈಲಾಗ್! ಡೈರೆಕ್ಟರ್ ಕೂಗ್ತಿದಾರೆ!”

“ಕೊಂಚ ಇರೇ, ಗಟ್ಟಿಯಾದ್ರೆ ಸೊಂಡಿಲು ಸೊಟ್ಟಗೇ ನಿಂತ್ಬಿಡುತ್ತೆ.”

ಮಾತು ಬೇರೊಬ್ಬಳ ಪಾಲಾಯಿತು. ಹೊಟ್ಟೆ ಉರಿದದ್ದು ನನಗೆ.

ಸಿನಿಮಾ ಬಂದಾಗ ಇಬ್ಬರೂ ಹೋದೆವು. ಆ ಮಾತು ಬಂದು ಹೋದದ್ದು ಅಕ್ಕನಿಗೆ ತಿಳಿಯಲೇ ಇಲ್ಲ. ನನ್ನ ತೋಳು ಹಿಡಿದು, “ಅಯ್ಯೋ ನೋಡೇ, ನಮ್ಮಾನೆ!” ಎಂದರು. ಇಡೀ ಟಾಕೀಸಿಗೇ ಕೇಳಿಸಿತು.