ಜಿಗಿತ ಕಲಿಸುವ ಭಾವ
ನಮ್ಮ ಭಾವ ಓಟಗಾರರಿಗೆ ಜಿಗಿತ ಕಲಿಸುತ್ತಿದ್ದ ಕಾಲದಲ್ಲಿ ಅವರ ಮನೆಯಲ್ಲಿ ಯಾರೂ ಕುರ್ಚಿಯಿಂದ ನಿಧಾನವಾಗಿ ಏಳುವಂತಿರಲಿಲ್ಲ. "ಮಾಂಸಖಂಡಕ್ಕೆ ಬಲ ಇದ್ರೆ ಸಾಲದು, ಎದ್ದೇಳು ಅನ್ನೋ ಸುದ್ದಿ ನರದಲ್ಲಿ ಬೇಗ ಓಡ್ಬೇಕು," ಎಂದು ಬಂದ ನೆಂಟರನ್ನೂ ಚಪ್ಪಾಳೆ ತಟ್ಟಿ ಎಬ್ಬಿಸುತ್ತಿದ್ದರು. ನೆನೆದರೆ ಈಗಲೂ ನನ್ನ ಮೊಣಕಾಲು ಚುರುಕಾಗುತ್ತದೆ. ಶಿಷ್ಯರು ಪೆಟ್ಟಿಗೆಯಿಂದ ಹಾರಿ, ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಚಿಮ್ಮಬೇಕು, ಆದರೆ ದಣಿಯುವ ಮೊದಲೇ ನಿಲ್ಲಿಸಬೇಕು. "ದಣಿದ ಕಾಲು ಸೋಮಾರಿತನ ಕಲಿಯುತ್ತೆ ಕಣ್ರೋ!" ಎನ್ನುತ್ತಿದ್ದರು ಭಾವ. "ನಾನು ದಣಿದ್ರೆ ಮಾತ್ರ ಯಾರೂ ನಿಲ್ಸಲ್ಲ," ಎಂದು ಅಕ್ಕ ಅಡುಗೆಮನೆಯಿಂದ ಗೊಣಗುತ್ತಿದ್ದಳು. ಮುಂದೆ ಕಾಯಿಲೆ ಬಿದ್ದು ಅವಳ ಕಾಲು ಸೋತಾಗ, ಇನ್ನು ಯಾರಾದರೂ ಎತ್ತಿಯೇ ನಿಲ್ಲಿಸಬೇಕು ಎಂದರು ವೈದ್ಯರು. ಭಾವ ದಿನವೂ ಅವಳೆದುರು ತೋಳು ಚಾಚಿ ನಿಂತು, "ಒಂದೇ ಏಟಿಗೆ ಏಳೇ!" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕ ಚಿಮ್ಮಿ ಎದ್ದು ನಿಂತೇಬಿಟ್ಟಳು. ಅವಳನ್ನು ಹಿಡಿಯಲೆಂದು ಚಾಚಿದ್ದ ತೋಳುಗಳನ್ನು ಏನು ಮಾಡಬೇಕೆಂದು ಭಾವನಿಗೆ ತಿಳಿಯಲೇ ಇಲ್ಲ.